ಒಬ್ಬರಿಗೆ ಸಾಲುವಷ್ಟು ಕಾರು

ಅಣ್ಣ ತಂಗಿ ಇಬ್ಬರೂ ಒಂದೇ ಕಾರಿನಲ್ಲಿ ಪಂದ್ಯಕ್ಕಿಳಿದು ಒಬ್ಬರನ್ನೊಬ್ಬರು ಸೋಲಿಸುತ್ತಿದ್ದರು. ಆಟೋಕ್ರಾಸ್‌ನಲ್ಲಿ ಅದಕ್ಕೆ ಅವಕಾಶವಿದೆ. ಖಾಲಿ ಮೈದಾನದಲ್ಲಿ ರಬ್ಬರ್ ಕೋನುಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಎಂದರೆ ಗಡಿಯಾರ. ಅಣ್ಣ ಓಡಿಸಿ ಇಳಿದರೆ ತಂಗಿ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಅಣ್ಣ ಆರಡಿಗೂ ಮೇಲೆ. ತಂಗಿ ತನ್ನ ಮೊಣಕೈವರೆಗೂ ಬರುವುದಿಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಅದು ಶುದ್ಧ ಸುಳ್ಳು, ಭುಜದವರೆಗೆ ಬರುತ್ತಾಳೆ.

ಅವರು ಓಡಿಸುತ್ತಿದ್ದದ್ದು ಸ್ಟಾಕ್ ವಿಭಾಗದಲ್ಲಿ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಕಾರು ಇರಬೇಕು. ಎಂಜಿನ್ ಮುಟ್ಟುವಂತಿಲ್ಲ, ಸ್ಪ್ರಿಂಗ್ ಬದಲಿಸುವಂತಿಲ್ಲ, ಸೀಟು ಕೂಡ ಮೂಲದ್ದೇ ಆಗಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಯಾರೋ ಕಾನೂನು ಮಾಡಿಟ್ಟಂತಿದೆ. ತಂಗಿ ವೃತ್ತಿಯಲ್ಲಿ ದರ್ಜಿ. ಅವಳಿಗೆ ಇದು ತಲೆಬುಡವಿಲ್ಲದ ನಿಯಮ. "ಎರಡಿಂಚು ಬಿಚ್ಚಿ ಹೊಲಿದ್ರೆ ಸರಿಹೋಗೋದಕ್ಕೆ ಇಷ್ಟೊಂದು ರಗಳೆ ಯಾಕೆ?" ಎನ್ನುತ್ತಿದ್ದಳು. ನಿಯಮ ನಿಯಮವೇ. ಕೊಳ್ಳುವಾಗ ಕಣ್ಣು ಮುಚ್ಚಿದವರು ಆಮೇಲೆ ಬಾಯಿ ಮುಚ್ಚಿಕೊಂಡು ಓಡಿಸಬೇಕು.

ಅವರ ಹಳೆಯ ಕಾರಿನ ತಳವನ್ನು ತುಕ್ಕು ತಿಂದುಹಾಕಿತು. ಆ ಹೊತ್ತಿಗೇ ಅಣ್ಣನೂ ಬಿದ್ದ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿಗೆ ಸಾಣೆ ಹಿಡಿಯುತ್ತಿದ್ದವನು ನಿಂತಲ್ಲೇ ಸೆಟೆದು ನೆಲಕ್ಕುರುಳಿದ. ಮೊದಲ ಸಲ ಸುಸ್ತು ಎಂದರು. ಎರಡನೆಯ ಸಲ ಫಿಟ್ಸ್ ಎಂದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾಮೂಲಿ ರಸ್ತೆಯಲ್ಲಿ ಕಾರು ಓಡಿಸುವ ಮಾತು ಒಂದು ವರ್ಷ ಕಳೆದ ಮೇಲೆ ನೋಡೋಣ, ಪಂದ್ಯದ ಮಾತು ಮಾತ್ರ ಇನ್ನು ಎತ್ತಬೇಡಿ ಎಂದರು. ಅವನು ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿಕೊಂಡು ಎದ್ದು ಬಂದ. ಮನೆಗೆ ಬಂದು ಅಮ್ಮನಿಗೂ ತಂಗಿಗೂ "ಒಂದು ವರ್ಷ ಅಷ್ಟೆ" ಎಂದ.

ಅಂದಿನಿಂದ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಮಾತ್ರೆಯ ಮಂಪರೋ, ಮನಸ್ಸೇ ಬಾಗಿಲು ಹಾಕಿಕೊಂಡಿತೋ ಯಾರಿಗೆ ಗೊತ್ತು. ಟೀ ಬಿಸಿಯಿತ್ತು ಎಂದು ತಿಳಿಯುತ್ತಿತ್ತು, ಕುಡಿದ ಖುಷಿ ಇರುತ್ತಿರಲಿಲ್ಲ. ಅಮ್ಮ ಕಣ್ಣೊರೆಸಿಕೊಂಡರೆ ಅಡುಗೆಮನೆಯ ದೀಪ ಆರಿಸಿದ್ದಾಳೋ ಇಲ್ಲವೋ ಎಂದು ನೋಡುತ್ತಿದ್ದ. ಅಳು ಬಂದರೂ ಆಗುತ್ತಿತ್ತು, ಅದೂ ಬರಲಿಲ್ಲ.

ಹೊಸ ಋತುವಿನ ಮೊದಲ ಪಂದ್ಯ ಹತ್ತಿರ ಬಂದಾಗ ತಂಗಿ ಅವನನ್ನು ಎಬ್ಬಿಸಿಕೊಂಡು ಹಳೆಯ ಕಾರುಗಳ ವ್ಯಾಪಾರಿಯ ಅಂಗಳಕ್ಕೆ ಹೋದಳು. ಕಾರಿನ ವಿಷಯದಲ್ಲಿ ಅಣ್ಣ ಹಾಕಿದ ಗೆರೆ ದಾಟಿದವಳಲ್ಲ. ಹೋದ ವರ್ಷ ಅವಳು ಕೂದಲೆಳೆಯ ಅಂತರದಲ್ಲಿ ಮೊದಲ ಸ್ಥಾನ ಕಳೆದುಕೊಂಡಿದ್ದಳು. ಸರಿಯಾದ ಕಾರು ಸಿಕ್ಕರೆ ಈ ವರ್ಷ ಅವಳದೇ. ಅದು ಅಣ್ಣನಿಗೂ ಗೊತ್ತಿತ್ತು.

ವ್ಯಾಪಾರಿ ಎರಡು ಕಾರು ತೆಗೆದು ನಿಲ್ಲಿಸಿದ್ದ. ಒಂದು ಎತ್ತರದ್ದು, ಒಳಗೆ ಧಾರಾಳ ಜಾಗ, ಆದರೆ ತಿರುವಿನಲ್ಲಿ ಅರ್ಧ ತುಂಬಿದ ಕೊಡದ ಹಾಗೆ ಓಲಾಡುವ ಜಾತಿ. ಇನ್ನೊಂದು ಗಿಡ್ಡ, ಹಗುರ, ಚಕ್ರಗಳು ನಾಲ್ಕು ಮೂಲೆಗೆ ಸರಿದು ನಿಂತಿದ್ದವು. ಪಂದ್ಯ ಬಲ್ಲ ಯಾರನ್ನು ಕೇಳಿದರೂ ಗಿಡ್ಡದ್ದನ್ನೇ ತೋರಿಸುತ್ತಿದ್ದರು.

ಅಣ್ಣ ಗಿಡ್ಡ ಕಾರಿನ ಬಾಗಿಲು ತೆಗೆದ. ಮೊದಲು ಮಾಡಿದ ಕೆಲಸ, ಸೀಟನ್ನು ಹಿಂದಿನ ಕೊನೆಯವರೆಗೆ ತಳ್ಳಿದ್ದು. ಆದರೂ ಮೊಣಕಾಲು ಸ್ಟೀರಿಂಗಿಗೆ ತಾಗಿತು, ತಲೆ ಚಾವಣಿಗೆ ಬಡಿಯಿತು.

"ಬೇಡ. ಎರಡನೇ ಗೇರ್ ಸರಿ ಇಲ್ಲ ಇದರಲ್ಲಿ," ಎಂದ.

"ಸರ್, ನೀವಿನ್ನೂ ಸ್ಟಾರ್ಟೇ ಮಾಡಿಲ್ಲ," ಎಂದ ವ್ಯಾಪಾರಿ.

"ಬ್ರೇಕೂ ಮೆತ್ತಗಿರುತ್ತೆ."

ಕುಣಿಯಲಾರದವರಿಗೆ ನೆಲ ಡೊಂಕು ಎನ್ನುತ್ತಾರೆ. ಇವನು ಇನ್ನು ಕುಣಿಯುವಂತೆಯೇ ಇಲ್ಲ, ಆದರೂ ನೆಲದ ಅಳತೆ ತೆಗೆಯುತ್ತಿದ್ದ. ತಮಾಷೆಯೆಂದರೆ, ತಾನು ಕಾರನ್ನೇ ಪರೀಕ್ಷಿಸುತ್ತಿದ್ದೇನೆ ಎಂದು ಅವನು ನಿಜವಾಗಿಯೂ ನಂಬಿದ್ದ. ಇಳಿದು ಹೋಗಿ ಎತ್ತರದ ಕಾರಿನಲ್ಲಿ ಕೂತ. ಕಾಲು ಚಾಚಿದ. ತಲೆಯ ಮೇಲೆ ಗೇಣು ಜಾಗವಿತ್ತು.

"ಇದು ಆಗಬಹುದು."

ವ್ಯಾಪಾರಿ ತಂಗಿಯ ಮುಖ ನೋಡಿದ. "ಓಡ್ಸೋರು ಯಾರು ಮೇಡಂ?"

"ಇಬ್ರೂ," ಎಂದಳು ಅವಳು. ಅವಳ ಕಣ್ಣು ಒಮ್ಮೆ ಗಿಡ್ಡ ಕಾರಿನ ಕಡೆ ಹೋಗಿ ವಾಪಸು ಬಂತು. "ಎತ್ತರದ್ದೇ ಇರ್ಲಿ ಅಣ್ಣ. ಈ ವರ್ಷ ನಾನು ಹೇಗೋ ಸುಧಾರಿಸ್ಕೊಳ್ತೀನಿ. ಮುಂದಿನ ವರ್ಷ ನೀನು ಬಂದಾಗ ಮತ್ತೊಂದು ಹುಡುಕ್ತಾ ಕೂರೋಕಾಗುತ್ತಾ?"

ಅಣ್ಣ ಸ್ಟೀರಿಂಗ್ ಹಿಡಿದೇ ಕೂತಿದ್ದ. ಒಂದು 'ಹೂಂ' ಎಂದಿದ್ದರೆ ಮುಗಿದಿತ್ತು. ಅವಳು ತುಟಿಪಿಟಿಕ್ಕೆನ್ನದೆ ಆ ಕೊಡವನ್ನು ಇಡೀ ವರ್ಷ ಓಡಿಸಿ ಸೋಲುತ್ತಿದ್ದಳು, ಅವನಿಗೊಂದು ಸೀಟು ಕಾದಿರಿಸಲು. ಪಂದ್ಯದಲ್ಲಿ ಅವನು ಇನ್ನೆಂದೂ ಕೂರದ ಸೀಟು.

"ಮುಂದಿನ ವರ್ಷ ಇಲ್ಲ ಪುಟ್ಟಿ."

"ಅಂದ್ರೆ? ಡಾಕ್ಟರು ಒಂದು ವರ್ಷ ಅಂದಿದ್ರಲ್ಲ."

"ಹಾಗಂದಿದ್ದು ನಾನು. ಅವ್ರು ಪಂದ್ಯದ ಮಾತೇ ಎತ್ತಬೇಡಿ ಅಂದ್ರು. ಎಂದಿಗೂ."

ವ್ಯಾಪಾರಿಗೆ ಪಕ್ಕದ ಕಾರಿನ ಚೊಕ್ಕ ಕನ್ನಡಿಯನ್ನು ತಕ್ಷಣ ಒರೆಸಬೇಕೆನ್ನಿಸಿತು. ಬಟ್ಟೆ ಹಿಡಿದು ಆಚೆ ಸರಿದ.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ನಂಗೂ ಹೇಳ್ಲಿಲ್ಲ ನೀನು."

"ಈಗ ಹೇಳ್ದೆ."

ಅವಳು ಬೈಯಲಿಲ್ಲ, ಅಳಲಿಲ್ಲ. ಕತ್ತರಿ ಹಾಕುವ ಮುಂಚೆ ಬಟ್ಟೆ ನೋಡುವವಳಂತೆ ಅವನನ್ನು ನೋಡುತ್ತ ನಿಂತಳು. ಅವನೇ ಇಳಿದು, ಗಿಡ್ಡ ಕಾರಿನ ಬಳಿ ಹೋಗಿ, ಬಗ್ಗಿ ಸೀಟನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ, ಅವಳ ಅಳತೆಗೆ ಎಳೆದ. ಆಗಲೂ ಅವನಿಗೆ ಏನೂ ಅನ್ನಿಸಲಿಲ್ಲ. ಯಾರದೋ ಕನ್ನಡಕಕ್ಕೆ ಗಾಜು ಕೂರಿಸಿದಷ್ಟೇ.

"ಕೂತ್ಕೋ. ಓಡ್ಸಿ ನೋಡು."

ವ್ಯಾಪಾರಿಯ ಅಂಗಳದ ಹಿಂದಿನ ಬಯಲಿನಲ್ಲಿ ಸವೆದ ಟೈರುಗಳು ಅಲ್ಲಲ್ಲಿ ಬಿದ್ದಿದ್ದವು. ಅಣ್ಣ ಪಕ್ಕದ ಸೀಟಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡ. ಅವಳು ಮೊದಲ ಸುತ್ತು ಮೆಲ್ಲಗೆ ಹೋದಳು. ಎರಡನೆಯದರಲ್ಲಿ ಟೈರುಗಳ ನಡುವೆ ನುಗ್ಗಿದಳು. ಅವಳ ಕೈ ಹೊರಳಿದ ಕಡೆ ಕಾರು ಹೊರಳಿತು, ಒಂದಿಷ್ಟೂ ಓಲಾಡಲಿಲ್ಲ. ಗೇರ್ ಎರಡರಲ್ಲೇ ಇತ್ತು, ಅದರಲ್ಲಿ ಯಾವ ಊನವೂ ಇರಲಿಲ್ಲ. ಬಿಗಿಯಾದ ತಿರುವೊಂದರಲ್ಲಿ ಅವಳು ಅವನೆಂದೂ ಧೈರ್ಯ ಮಾಡದಷ್ಟು ತಡವಾಗಿ ಬ್ರೇಕ್ ಒತ್ತಿ ನುಣುಪಾಗಿ ಹೊರಬಂದಳು.

ಅವನ ಎದೆಯ ಕೆಳಗೆ ಏನೋ ಚುರ್ ಎಂದಿತು. ಮಾತ್ರೆಯ ಉರಿಯೇನೋ ಎಂದುಕೊಂಡ. ಅಲ್ಲ. ಆ ಸ್ಟೀರಿಂಗ್ ತನ್ನ ಕೈಯಲ್ಲಿರಬೇಕಿತ್ತು, ಆ ತಿರುವು ತನ್ನದಾಗಬೇಕಿತ್ತು, ಈ ಕುಳ್ಳಿ ತನಗಿಂತ ಚೆನ್ನಾಗಿ ಓಡಿಸುತ್ತಿದ್ದಾಳೆ, ಇನ್ನೆಂದೂ ಅವಳನ್ನು ಸೋಲಿಸುವಂತಿಲ್ಲ. ಅವನ ಕಣ್ಣು ತುಂಬಿ ಟೈರುಗಳೆಲ್ಲ ಮಸುಕಾದವು.

"ಹೇಗಿದೆ?" ಎಂದಳು, ದಾರಿಯಿಂದ ಕಣ್ಣು ತೆಗೆಯದೆ.

"ಹೊಟ್ಟೆ ಉರೀತಿದೆ ಕಣೇ, ನಿನ್ನ ನೋಡಿ."

ಅವಳ ಕಾಲು ತಾನಾಗಿ ಸಡಿಲವಾಯಿತು. ಕಾರು ನಿಧಾನವಾಯಿತು.

"ನಿಧಾನ ಮಾಡ್ಬೇಡ," ಎಂದ ಅವನು, ಮುಖ ಒರೆಸಿಕೊಳ್ಳುತ್ತ. "ಇಷ್ಟು ದಿನಕ್ಕೆ ಏನೋ ಒಂದು ಅನ್ನಿಸ್ತಾ ಇದೆ. ಇನ್ನೊಂದು ಸುತ್ತು ಹೊಡಿ."