ಐದು ಕಿಲೋ ಒಳಗಿನ ಮನುಷ್ಯ

2023ರ ಜೂನ್ 17, ಶನಿವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ನಮ್ಮ ಕಿರ್ಗಿಜ್ ರಾಜಧಾನಿ ಬಿಷ್ಕೆಕ್‌ನ ಸರ್ಕಸ್ ಕಟ್ಟಡದ ಎದುರಿನ ಮರದ ಕೊಂಬೆಗೆ ಕೊಕ್ಕೆ ತಕ್ಕಡಿ ನೇತುಹಾಕಿ, ನಮ್ಮ ವಾರಾಂತ್ಯದ ಚಾರಣ ಬಳಗದ ಹನ್ನೊಂದು ಜನರ ಚೀಲಗಳನ್ನು ಒಂದೊಂದಾಗಿ ತೂಗುತ್ತಿದ್ದೆ. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು ನನ್ನ ಉದ್ಯೋಗವಾದ್ದರಿಂದ ಬಳಗದಲ್ಲಿ ಈ ಹೊಣೆ ತಾನಾಗಿ ನನ್ನ ಮೇಲೆ ಬಿದ್ದಿದೆ. ನನ್ನ ತಕ್ಕಡಿಯನ್ನು ಹತ್ತು ಗ್ರಾಂವರೆಗೆ ನಂಬಬಹುದು. ಬಳಗದವರನ್ನು ಎಷ್ಟರವರೆಗೆ ನಂಬಬಹುದೆಂದು ಇನ್ನೂ ಗೊತ್ತಾಗಿಲ್ಲ.

ನಮ್ಮಲ್ಲಿ ತೂಕದ ನಿಯಮ ಎರಡೇ. ತಿನ್ನುವುದು, ಕುಡಿಯುವುದು, ಉರಿಸುವುದು ಲೆಕ್ಕಕ್ಕಿಲ್ಲ. ಅವನ್ನು ಹೊರಗಿಟ್ಟು ತೂಗಬೇಕು. ಬೆಟ್ಟ ಇಳಿದ ಮೇಲೆ ಮತ್ತೊಮ್ಮೆ, ಆ ಮೂರನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೆಗಲ ಮೇಲೆ ಹೇಗಿತ್ತೋ ಹಾಗೇ ತೂಗಬೇಕು. ಎರಡನೆಯ ನಿಯಮ ಬಂದದ್ದು ನಮ್ಮ ಹಲ್ಲಿನ ವೈದ್ಯ ತಿನಾರ್‌ನಿಂದ. ಒಮ್ಮೆ ಆತ ಒದ್ದೆಯಾದ ಗುಡಾರವನ್ನು ಪೊದೆಯೊಳಗೆ ಬಚ್ಚಿಟ್ಟು, ಕುಣಿಯುತ್ತಾ ಇಳಿದು ಬಂದಿದ್ದ.

ಆ ಬೆಳಿಗ್ಗೆ ಎಲ್ಲರ ಕಣ್ಣೂ ಇದ್ದದ್ದು ಬಳಗದ ಕಿರಿಯ, ಲಿಫ್ಟ್ ರಿಪೇರಿ ಮಾಡುವ ಉಲುಕ್ಮಾನ್‌ನ ಚೀಲದ ಮೇಲೆ.

“ನಾಲ್ಕು ಕಿಲೋ ಆರುನೂರ ಇಪ್ಪತ್ತು ಗ್ರಾಂ,” ಎಂದೆ.

“ಇನ್ನೊಂದ್ಸಲ ಹೇಳು ಜಿಪಾರ್. ಎಜೆಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ,” ಎಂದ ಉಲುಕ್ಮಾನ್.

ಎಜೆ ಎಂದರೆ ನಮ್ಮಲ್ಲಿ ಅಕ್ಕ. ಅವನು ಹೇಳಿದ್ದು ಬಾತ್ಮಾ ಎಜೆಯನ್ನು ಕುರಿತು. ಭೂಗೋಳದ ಶಿಕ್ಷಕಿಯಾಗಿ ನಿವೃತ್ತರಾದ ಅರವತ್ತೊಂದರ ಹೆಂಗಸು. ಹನ್ನೊಂದು ವರ್ಷದಿಂದ ಬಳಗದ ಮುಂದಾಳು.

“ಕೇಳಿಸ್ತು ಕಣಪ್ಪಾ. ಒಳಗೇನು, ಗಾಳಿ ತುಂಬಿದೀಯಾ?”

“ಗುಡಾರ, ಹೊದಿಕೆ, ಕೋಟು, ಬಟ್ಟಲು, ಬ್ರಷ್ಷು.”

“ಅರ್ಧ ಬ್ರಷ್ಷು,” ಎಂದ ತಿನಾರ್. “ಹಿಡಿ ಗರಗಸದಲ್ಲಿ ಕೊಯ್ದವ್ನೆ. ನಾನು ಹಲ್ಲಿನ ಡಾಕ್ಟ್ರು, ಬರೆದುಕೊಡ್ತೀನಿ ಬೇಕಾದ್ರೆ, ದವಡೆ ಹಲ್ಲು ಇವನ ಕೈಗೆ ಎಟುಕಲ್ಲ.”

ಬ್ರಷ್ ಒಂದೇ ಅಲ್ಲ. ಚೀಲದ ಪಟ್ಟಿಗಳ ತುದಿ, ಅಂಗಿಗಳ ಕಾಲರಿನ ಚೀಟಿ, ನಕ್ಷೆಯಲ್ಲಿ ತಾನು ಹೋಗದ ಬೆಟ್ಟಗಳು, ಎಲ್ಲವನ್ನೂ ಅವನು ಕತ್ತರಿಸಿದ್ದ. ಚೀಟಿ ಇಲ್ಲದ್ದರಿಂದ ಎಷ್ಟು ಬಿಸಿಯ ನೀರಲ್ಲಿ ಒಗೆಯಬೇಕೆಂದು ತಿಳಿಯದೆ ಉಣ್ಣೆಯ ಅಂಗಿ ಕುಗ್ಗಿ ಹೊಕ್ಕಳು ಕಾಣುವಷ್ಟಾಗಿತ್ತು. ಕುಗ್ಗಿದ್ದರಿಂದ ಅದು ಇನ್ನಷ್ಟು ಹಗುರವಾಗಿದೆ ಎಂಬುದು ಅವನ ನಂಬಿಕೆ. ಹಾಗಾಗುವುದಿಲ್ಲವೆಂದು ತೂಗಿ ತೋರಿಸಿದೆ. ತಕ್ಕಡಿಯನ್ನೇ ಅನುಮಾನದಿಂದ ನೋಡಿದ.

ಇದಕ್ಕೆಲ್ಲ ಕಾರಣವಿತ್ತು. ಹಿಂದಿನ ಆಗಸ್ಟ್‌ನ ಒಂಬತ್ತು ದಿನದ ದೊಡ್ಡ ಚಾರಣಕ್ಕೆ ಬಾತ್ಮಾ ಎಜೆ ಬೀಡುಕಬ್ಬಿಣದ ಕಡಾಯಿಯೊಂದನ್ನು ತಂದಿದ್ದರು. ಪಲಾವ್ ಮಾಡಿದರೆ ಅದರಲ್ಲೇ ಮಾಡಬೇಕು ಎಂಬುದು ಅವರ ವಾದ. ಸರದಿಯ ಮೇಲೆ ಹೊರುವುದೆಂದು ಮಾತಾಗಿತ್ತು. ಆದರೆ ಕಿರಿಯನಾದ್ದರಿಂದ ಉಲುಕ್ಮಾನ್‌ನ ಸರದಿ ಮಾತ್ರ ನಾಲ್ಕು ದಿನ ನಡೆಯಿತು. ಐದನೆಯ ದಿನ ಅವನು ಒಂದು ಬಂಡೆಯ ಮೇಲೆ ಕೂತು, ಮುಂದಿನ ವರ್ಷ ತಾನೇ ಮುಂದಾಳಾಗುತ್ತೇನೆ, ಆಗ ಚಮಚಕ್ಕಿಂತ ಭಾರದ ಲೋಹ ಯಾವುದೂ ಈ ಬೆಟ್ಟ ಹತ್ತುವುದಿಲ್ಲ ಎಂದು ಘೋಷಿಸಿದ. ಎಜೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಜೂನ್‌ನ ವಾರಾಂತ್ಯದಲ್ಲಿ ಅವನ ಚೀಲ ಹತ್ತುವಾಗಲೂ ಇಳಿದಾಗಲೂ ಐದು ಕಿಲೋ ಒಳಗಿರಬೇಕು. ಇದ್ದರೆ ಆಗಸ್ಟ್‌ಗೆ ಅವನೇ ಮುಂದಾಳು. ಇಲ್ಲದಿದ್ದರೆ ಒಂಬತ್ತು ದಿನವೂ ಕಡಾಯಿ ಅವನದೇ, ಗೊಣಗುವ ಹಾಗಿಲ್ಲ.

ಎಜೆಯ ಚೀಲ 16.12 ಕಿಲೋ ತೂಗಿತು. ಕಬ್ಬಿಣದ ಕೆಟಲು, ಮಡಿಸುವ ಮಣೆ, ಹನ್ನೆರಡು ಮೀಟರ್ ಹಗ್ಗ, ಕುದುರೆಯ ಜೀನು ಹೊಲಿಯುವ ದಬ್ಬಣ, ಜೊತೆಗೆ ಗಾಜಿನ ಒಂದು ಜಾಡಿ.

“ಜಾಮ್ ತಿನ್ನೋ ವಸ್ತು,” ಎಂದರು ಎಜೆ.

“ಜಾಡಿ ಅಲ್ಲವಲ್ಲ ಎಜೆ,” ಎಂದೆ. ಜಾಡಿಯನ್ನು ಸೇರಿಸಿದೆ.

ಬಸ್ಸು ಕೆಗೆಟಿ ಕಣಿವೆಯ ಬಾಯಲ್ಲಿರುವ ಗೇಟಿನ ಬಳಿ ಇಳಿಸಿತು. ಅಲ್ಲಿಂದ ಒಂಬತ್ತು ಕಿಲೋಮೀಟರ್ ಏರು. ಉಲುಕ್ಮಾನ್ ಆಗಾಗ ಮುಂದೆ ಓಡಿ, ಬಂಡೆಯ ಮೇಲೆ ಕೂತು ನಮಗಾಗಿ ಕಾಯುತ್ತಿದ್ದ. ಎರಡು ಸಲ ತಿರುಗಿ ಕೆಳಗೆ ಬಂದು ಮತ್ತೆ ಹತ್ತಿದ. ಅವನು ನಡೆದದ್ದು ಒಟ್ಟು ಹನ್ನೊಂದು ಕಿಲೋಮೀಟರಿನಷ್ಟಾಯಿತೆಂದು ನನ್ನ ಅಂದಾಜು.

ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ ಹುಲ್ಲುಗಾವಲು ತಲುಪಿದೆವು. ಅಲ್ಲೊಂದು ಯುರ್ತದ, ಕುರಿಗಾಹಿಗಳ ದುಂಡು ಕಂಬಳಿ ಗುಡಾರದ, ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಕುರಿಗಾಹಿ ಸಾತಿಬಾಲ್ದಿಯ ವರ್ಷದ ಮಗಳು ಬೆರ್ಮೆತ್ ಎದ್ದು ನಿಲ್ಲಲು ಕಲಿತಿದ್ದಳು. ಅವಳ ಎರಡೂ ಕಾಲಿಗೆ ಕಪ್ಪು ಬಿಳುಪಿನ ಉಣ್ಣೆಯ ದಾರ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದರು. ದೂರದಿಂದ ಓಡಿಬಂದು ಮೊದಲು ಮುಟ್ಟಿದವರು ದಾರ ಕತ್ತರಿಸಬೇಕು. ಕತ್ತರಿಸಿದವರ ನಡಿಗೆ, ಗುಣ ಮಗುವಿಗೆ ಬರುತ್ತದೆಂಬುದು ನಮ್ಮಲ್ಲಿನ ನಂಬಿಕೆ.

ಸಾತಿಬಾಲ್ದಿ ನಮ್ಮನ್ನು ಕಂಡದ್ದೇ ಎರಡೂ ಕೈ ಚಾಚಿಕೊಂಡು ಬಂದ.

“ಸರಿಯಾದ ಹೊತ್ಗೆ ಬಂದ್ರಿ ನೋಡಿ. ಇಲ್ಲಿರೋರೆಲ್ಲ ನಮ್ಮ ನೆಂಟ್ರೇ. ಬೆಳಿಗ್ಗೆಯಿಂದ ಮಾಂಸ ತಿಂತಾ ಕೂತವ್ರೆ, ಓಡು ಅಂದ್ರೆ ಉಳ್ಳಾಡ್ತಾರೆ. ನಿಮ್ಮಲ್ಲಿ ಯಾರಾರ ಓಡ್ತೀರಾ?”

ಇಂಥ ಮಾತಿಗೆ ಇಲ್ಲ ಎನ್ನುವಂತಿಲ್ಲ. ತಿನಾರ್ ಚೀಲ ಇಳಿಸಿದ. ಇನ್ನಿಬ್ಬರು ಬೂಟಿನ ದಾರ ಬಿಗಿದರು. ಉಲುಕ್ಮಾನ್ ಮಾತ್ರ ಚೀಲ ಹೊತ್ತೇ ಗೆರೆಯ ಮೇಲೆ ನಿಂತ.

“ಇಳಿಸಪ್ಪಾ,” ಎಂದ ಸಾತಿಬಾಲ್ದಿ.

“ಇದೇನು ಭಾರ ಅಣ್ಣ? ಇದು ಇದ್ದ ಹಾಗೇ ಗೊತ್ತಾಗಲ್ಲ.”

“ಸೋತ್ರೆ ಚೀಲದ ಮೇಲೆ ತಪ್ಪು ಹಾಕೋಕೆ,” ಎಂದ ತಿನಾರ್.

ನಾನು ಹೆಜ್ಜೆ ಹಾಕಿ ಅಳೆದಿದ್ದೆ, ನೂರ ಹತ್ತು ಮೀಟರ್. ಉಲುಕ್ಮಾನ್ ಆರು ಮೀಟರ್ ಅಂತರದಲ್ಲಿ ಗೆದ್ದ. ಗೆದ್ದವನು ಮಂಡಿಯೂರಿ, ಎಲ್ಲರಿಗೂ ಕಾಣುವಂತೆ ಜೇಬಿನಿಂದ ತನ್ನ ಹದಿನೇಳು ಗ್ರಾಂ ತೂಕದ ಚಾಕು ತೆಗೆದು ದಾರಕ್ಕೆ ಹಿಡಿದ. ಅದು ಕೊಯ್ಯಲಿಲ್ಲ. ಉಜ್ಜಿದ. ದಾರದ ಒಂದು ಎಳೆ ಸ್ವಲ್ಪ ನುಣುಪಾಯಿತು. ಮಗು ಅವನ ತಲೆಯ ಮೇಲೆ ಕೈಯಿಟ್ಟು ಕಾಯತೊಡಗಿತು.

ಮಗುವಿನ ಅಜ್ಜಿ ಎದ್ದು ಬಂದು ಕುರಿ ಸುಲಿಯುವ ಕತ್ತಿಯನ್ನು ಅವನ ಕೈಗಿತ್ತಳು. ಆಮೇಲೆ ಅವನ ಹೊಕ್ಕಳು ಕಾಣುವ ಅಂಗಿಯನ್ನೂ, ಚೀಲದ ಜೇಬಿನಿಂದ ಇಣುಕುತ್ತಿದ್ದ ಬ್ರಷ್ಷನ್ನೂ ನೋಡಿದಳು.

“ತಮ್ಮಾ, ನಿನ್ನ ಸಾಮಾನೆಲ್ಲಾ ಯಾಕೆ ಅರ್ಧರ್ಧ ಐತೆ?”

“ಹಗುರ ಇರ್ಲಿ ಅಂತ ಅಜ್ಜಿ.”

“ನಮ್ಮ ಹುಡುಗಿಗೆ ಕಾಲು ಮಾತ್ರ ಕೊಡು. ಮಿಕ್ಕಿದ್ದು ನೀನೇ ಇಟ್ಕೊ.”

ದಾರ ತುಂಡಾಯಿತು. ಬೆರ್ಮೆತ್ ಅವನ ಬೆರಳು ಹಿಡಿದು ನಾಲ್ಕು ಹೆಜ್ಜೆ ನಡೆದಳು. ಹೆಂಗಸರು ಮಿಠಾಯಿ ಚೆಲ್ಲಿದರು. ಅವನ ಮುಖ ಕೆಂಪಾಗಿ, ಕಣ್ಣು ಕೂಡ ಸ್ವಲ್ಪ ಒದ್ದೆಯಾಗಿತ್ತು. ಸಾತಿಬಾಲ್ದಿ ಯುರ್ತದ ಹಿಂದಿನಿಂದ ಬಹುಮಾನ ತಂದದ್ದು ಆಗಲೇ. ಕೆಂಚು ಬಣ್ಣದ, ಕಪ್ಪು ಕಿವಿಯ ಒಂದು ಕುರಿಮರಿ. ಜೀವಂತ.

ಉಲುಕ್ಮಾನ್ ನನ್ನತ್ತ ನೋಡಿದ. ನಾನು ಎಜೆಯತ್ತ ನೋಡಿದೆ. ಎಜೆ ದೂರದ ಶಿಖರಗಳನ್ನು ನೋಡುತ್ತಿದ್ದರು.

“ಅಣ್ಣ, ಮಿಠಾಯಿ ಸಾಕಿತ್ತು,” ಎಂದ ಉಲುಕ್ಮಾನ್.

“ಮಿಠಾಯಿ ಸೋತೋರ್ಗೆ.”

“ಇದು ಇಲ್ಲೇ ಇರ್ಲಿ, ಅಮ್ಮನ ಜೊತೆ. ಮುಂದಿನ ವರ್ಷ ಬಂದು...”

ಅಜ್ಜಿ ಅಡ್ಡಬಂದಳು. “ಬಹುಮಾನ ವಾಪಸ್ ಕೊಟ್ರೆ ಮಗು ಹಿಂದ್ಹಿಂದಕ್ಕೆ ನಡೀತೈತೆ.”

ಇಂಥದ್ದೊಂದು ನಂಬಿಕೆ ಇರುವುದನ್ನು ನಾನಂತೂ ಕೇಳಿರಲಿಲ್ಲ. ಸಾತಿಬಾಲ್ದಿಯೂ ಕೇಳಿರಲಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಆದರೆ ಆ ಕ್ಷಣ ಬೆರ್ಮೆತ್ ಒಂದು ಹೆಜ್ಜೆ ಹಿಂದಿಟ್ಟು ಕುಕ್ಕರಿಸಿದಳು. ಮಾತು ಅಲ್ಲಿಗೆ ಮುಗಿಯಿತು. ಉಲುಕ್ಮಾನ್ ಮರಿಯನ್ನು ಎತ್ತಿಕೊಂಡ.

ಹೊಳೆಯ ಪಕ್ಕ ಗುಡಾರ ಹಾಕಿದೆವು. ತಿನಾರ್ ಮರಿಯ ಬಾಯಿ ತೆರೆದು ಹಲ್ಲು ನೋಡಿ, ಎಲ್ಲಾ ಆರೋಗ್ಯವಾಗಿವೆ, ಇದರ ಯಜಮಾನನಿಗಿಂತ ಎಷ್ಟೋ ವಾಸಿ ಎಂದ. ಎಜೆ ಕೆಟಲಿನಲ್ಲಿ ಚಹಾ ಕಾಯಿಸಿ ಎಲ್ಲರಿಗೂ ಜಾಮ್ ಹಂಚಿದರು. ಹಂಚುತ್ತಾ ಉಲುಕ್ಮಾನ್‌ಗೆ ಒಂದೇ ಒಂದು ಬುದ್ಧಿಮಾತು ಹೇಳಿದರು.

“ಹೆಸರು ಮಾತ್ರ ಇಡಬೇಡ ಮಗನೇ.”

“ಗ್ರಾಂ ಅಂತ ಇಟ್ಟಾಯ್ತು ಎಜೆ.”

ಎಜೆ ನಿಟ್ಟುಸಿರು ಬಿಟ್ಟು ಅವನ ಬ್ರೆಡ್ಡಿಗೆ ಇನ್ನೊಂದು ಚಮಚ ಜಾಮ್ ಹಾಕಿದರು. ಗ್ರಾಂ ಅವನ ಇದ್ದೊಂದು ಬಟ್ಟಲಲ್ಲಿ ನೀರು ಕುಡಿಯಿತು, ಅವನ ಅರ್ಧ ನಕ್ಷೆಯನ್ನು ತಿಂದಿತು, ಅವನ ಹೊದಿಕೆಯ ಮುಕ್ಕಾಲು ಭಾಗದಲ್ಲಿ ಮಲಗಿತು. ಮಿಕ್ಕ ಕಾಲು ಭಾಗದಲ್ಲಿ ಅವನು.

ಭಾನುವಾರ ಬೆಳಿಗ್ಗೆ ಅವನು ಲೆಕ್ಕ ಹಾಕಿಕೊಂಡೇ ಎದ್ದಿದ್ದ.

“ಜಿಪಾರ್, ತನ್ನ ಕಾಲ ಮೇಲೆ ತಾನೇ ನಡೆದು ಬಂದದ್ದು ಚೀಲದ ತೂಕಕ್ಕೆ ಸೇರಲ್ಲ ಅಲ್ವಾ?”

“ಸೇರಲ್ಲ.”

“ಎಜೆ, ಸ್ವಲ್ಪ ಹಗ್ಗ ಕೊಡ್ತೀರಾ?”

“ಹಗ್ಗ ಇರೋದು ಭಾರದ ಚೀಲದೋರ ಹತ್ರ ಅಲ್ವೇನಪ್ಪಾ,” ಎಂದರು ಎಜೆ. ಕೊಟ್ಟರು, ಹೊಳೆಯಿಂದ ಬಂದ ಮೇಲೆ, ಕೈ ಒರೆಸಿಕೊಂಡು, ನಿಧಾನವಾಗಿ.

ಹಿಂಡು ಬೆಟ್ಟದ ಮೇಲಕ್ಕೆ ಹೋಗಿತ್ತು, ನಮ್ಮ ದಾರಿ ಕೆಳಕ್ಕೆ. ಗ್ರಾಂ ತನ್ನ ಅಭಿಪ್ರಾಯವನ್ನು ನಾಲ್ಕೂ ಕಾಲು ನೆಲಕ್ಕೆ ಊರಿ ತಿಳಿಸಿತು. ಉಲುಕ್ಮಾನ್ ಎಳೆದ, ಮುದ್ದಿಸಿದ, ಮುಂದೆ ಹೋಗಿ ಹುಲ್ಲು ತೋರಿಸಿದ, ತಾನೇ ಕುರಿಯಂತೆ ಕೂಗಿದ. ಮೇಲಿನ ಗುಡ್ಡದಿಂದ ಬೇರೆ ಯಾವುದೋ ಕುರಿ ಅವನಿಗೆ ಉತ್ತರ ಕೊಟ್ಟಿತು. ಇಪ್ಪತ್ತೈದು ನಿಮಿಷದಲ್ಲಿ ಅವರು ಸಾಗಿದ್ದು ನಲವತ್ತು ಮೀಟರ್. ಈ ವೇಗದಲ್ಲಿ ಗೇಟು ತಲುಪಲು ಮೂರು ದಿನ ಇಪ್ಪತ್ತೊಂದು ಗಂಟೆ ನಲವತ್ತೈದು ನಿಮಿಷ ಬೇಕು ಎಂದು ಹೇಳಿದೆ. ಬಸ್ಸು ಮೂರು ಗಂಟೆಗಿತ್ತು.

ಅವನು ಒಬ್ಬೊಬ್ಬರ ಮುಖ ನೋಡಿದ. ಎಲ್ಲರೂ ತಮ್ಮ ಚೀಲ ತುಂಬಿದೆ ಎಂದರು. ತಿನಾರ್ ತನ್ನ ಅರೆಖಾಲಿ ಚೀಲವನ್ನು ಕಾಲಿನಿಂದ ಬಂಡೆಯ ಹಿಂದಕ್ಕೆ ತಳ್ಳಿದ.

ಕೊನೆಗೆ ಉಲುಕ್ಮಾನ್ ಚೀಲದಲ್ಲಿದ್ದ ಕೋಟು ಹಾಕಿಕೊಂಡು, ಗುಡಾರವನ್ನು ಹೊರಗಡೆ ಕಟ್ಟಿ, ಮರಿಯನ್ನು ಚೀಲದೊಳಗೆ ಕೂರಿಸಿದ. ತಲೆ ಮಾತ್ರ ಹೊರಗೆ. ಗ್ರಾಂಗೆ ಇದು ತುಂಬ ಹಿಡಿಸಿತು. ಅವನ ಕಿವಿ ಚೀಪುತ್ತಾ ಕಣಿವೆ ನೋಡಿಕೊಂಡು ಹೊರಟಿತು.

ಮೂರನೆಯ ಕಿಲೋಮೀಟರಿನಲ್ಲಿ ಹೆಗಲ ಪಟ್ಟಿ ಕಿತ್ತುಬಂತು. ಚೀಲ ತಯಾರಿಸಿದವರು ಅದಕ್ಕೆ ಗೊತ್ತುಮಾಡಿದ್ದ ಮಿತಿ ಒಂಬತ್ತು ಕಿಲೋ.

“ಲಿಫ್ಟ್ ರಿಪೇರಿ ಮಾಡೋನು ನೀನು,” ಎಂದ ತಿನಾರ್. “ಮಿತಿ ಮೀರಿ ಹತ್ತಿಸಬಾರದು ಅಂತ ಊರಿಗೆಲ್ಲಾ ಹೇಳ್ತೀಯ.”

ಎಜೆ ಮಣೆ ಬಿಡಿಸಿ ಕೂತು, ದಬ್ಬಣ ತೆಗೆದರು. ಮರಿ ಒಳಗಿದ್ದಂತೆಯೇ ಪಟ್ಟಿ ಹೊಲಿದುಕೊಟ್ಟರು. ಹೊಲಿಯುವಾಗ ಒಮ್ಮೆ ಮರಿ ಉಚ್ಚೆ ಹೊಯ್ದು ಅವರ ತೊಡೆ ಒದ್ದೆಯಾಯಿತು. ಒರೆಸಿಕೊಂಡು ಮುಂದಿನ ಹೊಲಿಗೆ ಹಾಕಿದರು.

ಗೇಟಿನ ಕಂಬಕ್ಕೆ ತಕ್ಕಡಿ ಕಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ಎಜೆಯ ಚೀಲ 16.10 ಕಿಲೋ ಬಂತು, ದಾರ ಖರ್ಚಾಗಿತ್ತು. ಉಲುಕ್ಮಾನ್ ಕಡೆಯವನು. ಮರಿಯನ್ನು ಇಳಿಸಿ ಬರುವುದಕ್ಕೆ ನಿಯಮದಲ್ಲಿ ದಾರಿಯಿರಲಿಲ್ಲ. ಹೆಗಲ ಮೇಲಿದ್ದ ಹಾಗೇ.

ಇನ್ನೊಂದು ದಾರಿ ಇತ್ತು. ಅದು ನನಗೆ ಹೊಳೆದದ್ದು ತಕ್ಕಡಿಯ ಗುಂಡಿ ಒತ್ತುವಾಗ. ಎಜೆಗೆ ಬಹುಶಃ ನಿನ್ನೆಯೇ ಹೊಳೆದಿತ್ತು.

“ನಿಯಮದಂತೆ ಒಂದು ಮಾತು ಕೇಳಬೇಕು,” ಎಂದೆ. “ತಿನ್ನೋದು ಲೆಕ್ಕಕ್ಕಿಲ್ಲ. ಉಲುಕ್ಮಾನ್, ಇದು ತಿನ್ನೋದಾ?”

ಹೌದು ಎಂದರೆ ಮರಿಯನ್ನು ಹೊರಗಿಟ್ಟು ತೂಗುತ್ತೇನೆ; ಅವನು ಗೆಲ್ಲುತ್ತಾನೆ.

“ಹೌದು ಅನ್ನೋ,” ಎಂದ ತಿನಾರ್ ಪಿಸುದನಿಯಲ್ಲಿ. “ಕುರಿ ಕಣೋ ಅದು. ಯಾರನ್ನ ಬೇಕಾದ್ರೂ ಕೇಳು. ಅದರಜ್ಜನ ಕಾಲದಿಂದ ಅದು ಊಟವೇ.”

“ಹೇಳಪ್ಪಾ,” ಎಂದರು ಎಜೆ. “ನಾನೂ ಒಪ್ತೀನಿ. ಆಗಸ್ಟ್ ನಿಂದು. ಆದ್ರೆ ಊಟ ಅಂದ್ಮೇಲೆ ಊಟ. ಬಿಷ್ಕೆಕ್‌ಗೆ ಹೋದ್ಮೇಲೆ ಎಲ್ಲರೂ ನಮ್ಮನೇಗೇ ಬನ್ನಿ, ಕಡಾಯಿ ತೊಳೆದಿಟ್ಟಿದೀನಿ.”

ಉಲುಕ್ಮಾನ್ ಬಾಯಿ ತೆರೆದ. ಗ್ರಾಂ ಹಿಂದಿನಿಂದ ಅವನ ಕಿವಿ ಚೀಪಿತು. ಅವನು ಬಾಯಿ ಮುಚ್ಚಿದ.

“ಅಲ್ಲ,” ಎಂದ.

“ಏನಲ್ಲ?”

“ಇದು ಊಟ ಅಲ್ಲ.”

“ಕುರಿ ನೋಡಿ ಊಟ ಅಲ್ಲ ಅಂದ ಮೊದಲನೇ ಕಿರ್ಗಿಜ್ ನೀನೇ ಇರ್ಬೇಕು,” ಎಂದ ತಿನಾರ್. “ಇರೋದು ಏಳನೇ ಮಹಡಿಲಿ. ಎಲ್ಲಿ ಕಟ್ತೀಯೋ?”

“ಬಾಲ್ಕನಿ ಇದೆ. ಲಿಫ್ಟ್ ಇದೆ. ಮುನ್ನೂರಿಪ್ಪತ್ತು ಕಿಲೋ ತಡೆಯುತ್ತೆ, ನಾನೇ ನೋಡಿದೀನಿ.” ಆಮೇಲೆ ಎಜೆಯತ್ತ ತಿರುಗಿ, “ಕಡಾಯಿ ಯಾವತ್ತು ಬಂದು ತಗೊಂಡು ಹೋಗ್ಲಿ ಎಜೆ?” ಎಂದ.

“ಜುಲೈ ಕೊನೇಲಿ ಬಾ. ಮುಚ್ಚಳ ನಾನೇ ಹೊರ್ತೀನಿ.”

ಚೀಲವನ್ನು ಕೊಕ್ಕೆಗೆ ತಗುಲಿಸಿದೆ. ಗ್ರಾಂ ಒದ್ದಾಡುತ್ತಿದ್ದುದರಿಂದ ಅಂಕಿ ಒಂದು ಕಡೆ ನಿಲ್ಲಲಿಲ್ಲ. ಒಂದೇ ಓದನ್ನು ಬರೆದುಕೊಳ್ಳುವುದು ಸರಿಯಲ್ಲವೆನಿಸಿ ಐದು ಸಲ ಓದಿದೆ: 16.21, 16.44, 16.52, 16.30, 16.38. ಸರಾಸರಿ 16.37 ಕಿಲೋ, ಎಜೆಯ ಚೀಲಕ್ಕಿಂತ ಇನ್ನೂರ ಎಪ್ಪತ್ತು ಗ್ರಾಂ ಹೆಚ್ಚು.