ಶೂನೇಮಿನ ಮಗು ಕಣ್ಣು ತೆರೆದ ದಿನ

ಎಫ್ರೇಮ್ ಸಗ್ಡನ್ ಅವರ ಕಿವಿಗೆ ಈ ಲೋಕದಲ್ಲಿ ಯಾವುದರ ಶ್ರುತಿಯೂ ಸರಿಯಿರುತ್ತಿರಲಿಲ್ಲ. ಮೊಣಕೈ ಸವೆದು ಮಿರುಗುವ ಕರಿಕೋಟಿನ ಜೇಬಿನಿಂದ ಶ್ರುತಿ ಹಿಡಿಯುವ ಉಕ್ಕಿನ ಕವೆ ತೆಗೆದು, ಮಂಡಿಗೆ ಬಡಿದು, ಕಿವಿಗೆ ಹಿಡಿದು, ಗಿರಣಿಯ ಸೀಟಿ, ಹಾಲಿನವನ ಗಂಟೆ, ಕಡೆಗೆ ಪಾದ್ರಿಗಳ ಪ್ರಾರ್ಥನೆ ಕೂಡ ಎಷ್ಟು ಕೆಳಗಿದೆಯೆಂದು ಮುಲಾಜಿಲ್ಲದೆ ತೀರ್ಪು ಕೊಡುತ್ತಿದ್ದರು. ಯಾರೋ ಬೆನ್ನ ಹಿಂದೆ ತಪ್ಪು ಹಾಡುತ್ತಿದ್ದಾರೇನೋ ಎಂಬಂತೆ ತಲೆ ವಾಲಿಸಿ ನಿಂತು ನಿಂತು ನಡೆಯುವ ಅವರನ್ನು ನಮ್ಮೂರು ಥಾರ್ನ್‌ಶಾದ ಮಕ್ಕಳು ಅಣಕಿಸುತ್ತಿದ್ದರು. ಕಂಠ ಮಾತ್ರ ಗಂಭೀರ ಮಂದ್ರದ್ದು. ನಮ್ಮ ಚಾಪೆಲ್‌ನ ಮೇಳವೆಲ್ಲ ಅದಕ್ಕೆ ಒರಗಿಕೊಂಡೇ ಹಾಡುತ್ತಿತ್ತು.

ಅವರ ಗುರು ಎಲ್ಕಾನಾ ಹಾಲ್ರಾಯ್ಡ್, ಈಗ ನಾನು ಕೂರುವ ಆರ್ಗನ್ನಿನ ಮುಂದೆಯೇ ಕೂತು, ೧೮೭೪ರಲ್ಲಿ ‘ಶೂನೇಮಿನ ತಾಯಿ’ ಎಂಬ ಕ್ಯಾಂಟಾಟ, ಅಂದರೆ ಬೈಬಲ್ ಕತೆಯೊಂದರ ಮೇಳಗೀತ, ರಚಿಸಿದರು. ಅದರ ಕೊನೆಯಲ್ಲಿ ಸತ್ತ ಮಗುವಿನ ಸುತ್ತ ಮೇಳವು ಆರ್ಗನ್ನಿನ ಆಸರೆಯಿಲ್ಲದೆ ಏಳೆಂಟು ನಿಮಿಷ ಶೋಕಿಸಬೇಕು. ಪ್ರವಾದಿಯ ಮೊರೆಗೆ ಮಗು ಕಣ್ಣು ತೆರೆಯುವ ಕ್ಷಣದಲ್ಲಿ ಆರ್ಗನ್ ಅದೇ ಸ್ವರದಲ್ಲಿ ಬಂದು ಕೂಡಬೇಕು. ಮೊದಲ ಪ್ರಯೋಗದ ಗುಡ್ ಫ್ರೈಡೇ ದಿನ, ಇಪ್ಪತ್ತರ ಎಫ್ರೇಮ್ ನಡುವೆ ನಿಂತಿದ್ದ ಮೇಳ ತನಗೇ ತಿಳಿಯದಂತೆ ಅರ್ಧಸ್ವರ ಇಳಿದುಹೋಗಿತ್ತು. ಹಾಲ್ರಾಯ್ಡ್ ಆರ್ಗನ್ನಿನ ಮನೆಗಳನ್ನೊತ್ತಿದಾಗ ಎರಡೂ ನಾದಗಳು ಕಚ್ಚಾಡಿದವು, ಮುಂದಿನ ಸಾಲಿನ ಗಿರಣಿ ಧಣಿಗಳು ನಕ್ಕರು. ಆ ಮನುಷ್ಯ ಮತ್ತೆ ಒಂದು ಸಾಲು ಸಂಗೀತ ಬರೆಯಲಿಲ್ಲ. ೧೮೮೭ರಲ್ಲಿ ಅದೇ ಕತೆ. ೧೮೯೭ ಮತ್ತು ೧೯೧೧ರಲ್ಲಿ ಮರ್ಯಾದೆ ಉಳಿದರೆ ಸಾಕೆಂದು ಆರ್ಗನ್ನಿನ ಭಾಗವನ್ನೇ ಕತ್ತರಿಸಿದರು. ನಮ್ಮೂರಿನಲ್ಲಿ ಆ ಮಗು ಏಳುವುದೇ ಇಲ್ಲವೆಂದು ಜನ ಆಡಿಕೊಂಡರು.

ಗುರು ಬರೆದದ್ದು ಹಾಡಲಾಗದ ವಸ್ತುವಲ್ಲವೆಂದು ಒಮ್ಮೆಯಾದರೂ ತೋರಿಸಬೇಕೆಂಬುದೇ ಎಫ್ರೇಮರ ಬಾಳಿನ ಹಟವಾಯಿತು. ತಪ್ಪು ಯಾರದೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ: ಹೆಂಗಸರದು, ಅದರಲ್ಲೂ ತಾರಸ್ಥಾಯಿಯ ಸಾಲನ್ನು ಮುನ್ನಡೆಸುತ್ತಿದ್ದ ಸ್ವಂತ ತಂಗಿ ಲಿಡಿಯಾಳದು. ೧೮೮೭ರ ಪ್ರಯೋಗ ಮುಗಿದ ಮೇಲೆ ಎಲ್ಲರೆದುರು ಹಾಗೆಂದುಬಿಟ್ಟರು. ಆಕೆ ಅಂದೇ ಮೇಳ ಬಿಟ್ಟಳು. ಮದುವೆಯಾಗದ ಆ ಅಣ್ಣತಂಗಿ ಆಮೇಲೂ ಒಂದೇ ಸೂರಿನಡಿ ಮೂವತ್ತೈದು ವರ್ಷ ಬಾಳಿದರು. ಹಿಟ್ಟು ನಾದುವಾಗಲೂ ಆಕೆ ಗುನುಗಿದ್ದನ್ನು ಅಕ್ಕಪಕ್ಕದವರು ಕೇಳಲಿಲ್ಲವಂತೆ.

ಆಕೆ ತೀರಿಕೊಂಡ ಎರಡು ವರ್ಷಕ್ಕೆ, ಕೃತಿಗೆ ಐವತ್ತು ತುಂಬಿದಾಗ, ಎಫ್ರೇಮ್ ನನ್ನ ದುಂಬಾಲು ಬಿದ್ದರು. "ಬರೆದಂಗೇ ಬಾರ್ಸು ಮರಿ. ನಕ್ಕೋರು ನಗ್ಲಿ," ಅಂದರು. ನಾನು ಒಲ್ಲದ ಮನಸ್ಸಿನಿಂದ ಒಪ್ಪಿದೆ. ಅಂದು ಇಪ್ಪತ್ತೆರಡು ಮಂದಿ ನಿಂತಿದ್ದರು, ಎಪ್ಪತ್ತರ ಎಫ್ರೇಮ್ ಎಂದಿನಂತೆ ನಡುವೆ. ಶೋಕಗೀತ ನಡೆಯುವಷ್ಟು ಹೊತ್ತೂ ಬೆರಳುಗಳನ್ನು ಮನೆಗಳ ಮೇಲಿಟ್ಟುಕೊಂಡು ಕಾದೆ. ಕಣ್ಣು ಮುಚ್ಚಿ ಒತ್ತಿದೆ. ಸ್ವರಕ್ಕೆ ಸ್ವರ ಕೂಡಿತು, ಕೂದಲೆಳೆಯಷ್ಟೂ ಅಂತರವಿಲ್ಲದೆ. ಮಗು ಕಣ್ಣು ತೆರೆಯಿತು. ನನಗೆ ಅಳು ಬಂತು, ಅದನ್ನು ಮುಚ್ಚಿಡಲಾರೆ.

ಒಳಕೋಣೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಹೊಗಳುತ್ತಿದ್ದರೆ ಎಫ್ರೇಮ್ ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಗೆದ್ದಿರಲ್ಲ ಎಂದು ಹತ್ತಿರ ಹೋದೆ.

"ನಾನು ಹಾಡ್ಲಿಲ್ಲ ಕಣೋ," ಅಂದರು. "ಎದೆ ಕಟ್ಟಿತ್ತು. ಕೆಮ್ಮು ಬಂದು ಕೆಡಿಸ್ತೀನೇನೋ ಅಂತ ಬರೀ ಬಾಯಾಡಿಸ್ದೆ."

ಈ ಸಲ ಜನ ಕಡಿಮೆ, ಅದಕ್ಕೇ ಶ್ರುತಿ ನಿಂತಿತು ಎಂದು ನಾನು ಏನೇನೋ ಹೇಳಿದೆ. ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಸುಳ್ಳು ಹೇಳೋಕೆ ನಿಂಗೆ ಬರಲ್ಲ, ಬಿಡು. ಎಲ್ರೂ ನನ್ ದನೀನೇ ನಂಬ್ಕೊಂಡಿದ್ರು. ಎಳೆದು ಎಳೆದು ಶ್ರುತಿ ಇಳಿಸ್ದೋನು ನಾನೇ." ನನ್ನ ತೋಳು ಬಿಟ್ಟು, "ಲಿಡಿಯಾ ಸರಿಯಾಗೇ ಹಾಡ್ತಿದ್ಲು," ಅಂದರು.

ಎಫ್ರೇಮ್ ಮತ್ತೆ ಮೇಳಕ್ಕೆ ಬರಲಿಲ್ಲ. ಮುಂದಿನ ಚಳಿಗಾಲ ದಾಟಲಿಲ್ಲ. ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ತಾವು ಪ್ರೀತಿಸಿದ್ದನ್ನು ಕಾಯುವುದಕ್ಕೆಂದೇ ಬದುಕುತ್ತಾರೆ, ಅವರ ನಿಷ್ಠೆಯಲ್ಲಿ ಎಳ್ಳಷ್ಟೂ ಕಪಟವಿರುವುದಿಲ್ಲ. ಆದ್ದರಿಂದಲೇ ನಾವು ಅವರನ್ನು ನಂಬಿ ಅವರ ಹಿಂದೆ ಇಳಿಯುತ್ತ ಹೋಗುತ್ತೇವೆ. ಅವರಿಗೆ ಸತ್ಯ ತಿಳಿಯುವ ಹೊತ್ತಿಗೆ, ಕ್ಷಮಿಸಬೇಕಾದವರು ಮಣ್ಣಿನಲ್ಲಿರುತ್ತಾರೆ.