ನೀರಿನ ವಿಷಯ ಮಾತ್ರ

ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಟ್ಯಾಂಕರ್ ಯಾವಾಗ ಬರುತ್ತದೆ, ಮೋಟರ್ ಯಾರು ಹಾಕಬೇಕು, ಅಷ್ಟಕ್ಕೇ ಮಾಡಿದ ಗುಂಪು. ಹೆಸರೇ 'ನೀರಿನ ವಿಷಯ ಮಾತ್ರ'. ಆದರೂ ಎದುರುಮನೆಯ ಟೈಲರಮ್ಮ ಬೆಳಗಾದರೆ ಹೂವಿನ ಚಿತ್ರ, ಮಧ್ಯಾಹ್ನ ಮನೆಮದ್ದು ಹಾಕಿ ನನ್ನ ತಲೆ ತಿನ್ನುತ್ತಿದ್ದರು. ಅವತ್ತೂ ಹಾಲಿಟ್ಟ ಒಲೆಯ ಮುಂದೆ ನಿಂತೇ ಅವರಿಗೊಂದು ಉದ್ದದ ಬುದ್ಧಿವಾದ ಟೈಪ್ ಮಾಡಿ, ಗಡಿಬಿಡಿಯಲ್ಲಿ ಪ್ರೆಸ್ಸಿಗೆ ಹೊರಟಿದ್ದೆ.

ಹತ್ತೂವರೆಗೆ ಕಾಗದ ಕತ್ತರಿಸುವ ಯಂತ್ರದ ಮುಂದಿದ್ದೆ. ಮತ್ತೆ ಅವರದೇ ಮೆಸೇಜು: 'ಗ್ಯಾಸ್ ಜಾಸ್ತಿ ಆಗಿದೆ. ತಲೆ ಸುತ್ತುತ್ತಿದೆ. ಏನು ಮಾಡೋದು?'

ಮೈ ಉರಿಯಿತು. ಹೋದ ವಾರವಷ್ಟೇ ಹೊಟ್ಟೆಯ ಗ್ಯಾಸಿಗೆ ಬಿಸಿನೀರು ಕುಡಿಯಿರಿ ಎಂದು ಹಾಕಿ, ಅದೂ ನೀರಿನ ವಿಷಯವೇ ಎಂದು ವಾದಿಸಿದ್ದರು. 'ನಿಮ್ಮ ಹೊಟ್ಟೆಯ ಸಮಾಚಾರ ಇಲ್ಲಿ ಬೇಡ' ಎಂದು ಬರೆದು, ಅವರ ಮೆಸೇಜು ಅಳಿಸಿ, ನಾನು ಬಿಟ್ಟು ಬೇರೆ ಯಾರೂ ಬರೆಯದಂತೆ ಗುಂಪಿಗೆ ಬೀಗ ಹಾಕಿದೆ. ಪೀಡೆ ತೊಲಗಿತು ಎನಿಸಿತು.

ಸ್ವಲ್ಪ ಹೊತ್ತಿಗೆ ಕೆಳಮನೆಯ ಮೇಷ್ಟ್ರ ಫೋನು.

"ಸಾರ್, ನಾನು ಶಾಲೇಲಿದೀನಿ. ನಮ್ಮವಳು ಹೇಳಿದ್ಲು, ನಿಮ್ಮ ಮಹಡೀಲಿ ಸಿಲಿಂಡರ್ ಗ್ಯಾಸ್ ವಾಸನೆಯಂತೆ. ಅವಳು ಹೊರಗೆ ಓಡಿ ಬಂದಿದಾಳೆ. ಗುಂಪಲ್ಲಿ ಬರೆಯೋಕೇ ಆಗ್ತಿಲ್ಲ. ನಿಮ್ಮ ಮನೇಲಿ ಯಾರಿದಾರೆ?"

ಅಮ್ಮ. ನೆಗಡಿಗೆ ಮೂಗು ಕಟ್ಟಿ ಮಲಗಿದ್ದಳು. ಹನ್ನೊಂದಕ್ಕೆ ಎದ್ದು ನೀರು ಕಾಯಿಸಲು ಕಡ್ಡಿ ಗೀರುತ್ತಾಳೆ. ಆಗ ಗಂಟೆ ಹತ್ತು ಐವತ್ತು. ಹಾಲು ನೆನಪಾಯಿತು. ಉಕ್ಕಿ ಒಲೆ ಆರಿರಬೇಕು, ನಾನಂತೂ ಆರಿಸಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದರೆ ಎದ್ದವಳು ಮೊದಲು ಲೈಟಿನ ಸ್ವಿಚ್ ಒತ್ತುತ್ತಾಳೆ. ಟೈಲರಮ್ಮನಿಗೆ ಮಾಡಿದೆ, ಎತ್ತಲಿಲ್ಲ. ನನ್ನ ಫೋನು ಅವರಾದರೂ ಏಕೆ ಎತ್ತಬೇಕು? ಗುಂಪಿನಲ್ಲಿ ಬರೆದೆ: 'ಅಮ್ಮ ಒಳಗಿದ್ದಾಳೆ. ಗ್ಯಾಸ್ ಸೋರಿದೆ. ಯಾರಾದರೂ ಹೋಗಿ.' ಯಾರೂ ನೋಡಲಿಲ್ಲ. ನನ್ನ ಬೈಗುಳಕ್ಕೆ ಬೇಸತ್ತು ಎಲ್ಲರೂ ಗುಂಪನ್ನು ಮ್ಯೂಟ್ ಮಾಡಿದ್ದರು. ಅದು ನನಗೂ ಗೊತ್ತಿತ್ತು.

ಓಡಿದೆ. ಎರಡೇ ಬೀದಿ, ಮುಗಿಯಲೊಲ್ಲದು. ಯಾವ ಕ್ಷಣದಲ್ಲಿ ಢಮ್ಮೆನ್ನುತ್ತದೋ ಎಂದು ಕಿವಿ ಕಾಯುತ್ತಿತ್ತು. ಹೆದರಿ ಅತ್ತೇಬಿಟ್ಟೆ, ನಡುಬೀದಿಯಲ್ಲೇ.

ಗೇಟಿನ ಹೊರಗೆ ಟೈಲರಮ್ಮನ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು. ಬೆಂಕಿಪೊಟ್ಟಣ ಇನ್ನೂ ಕೈಯಲ್ಲೇ ಇತ್ತು.

"ಕಡ್ಡಿ ತೆಗೀತಿದ್ದೆ ಕಣೋ, ಅಷ್ಟರಲ್ಲಿ ಬಾಗಿಲು ಬಡಿದ್ರು" ಎಂದಳು.

ಟೈಲರಮ್ಮನ ಬೆರಳ ಗೆಣ್ಣುಗಳು ಕೆಂಪಾಗಿದ್ದವು. "ಬೆಲ್ ಒತ್ತೋಕೆ ಭಯ ಆಯ್ತಣ್ಣ. ಫೋನೂ ಮನೇಲೇ ಬಿಟ್ಟೆ. ಸಿಲಿಂಡರ್ ಬಂದ್ ಮಾಡಿ ಕಿಟಕಿ ತೆಗೆದಿದೀನಿ."

ಅಮ್ಮನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡೆ. ಟೈಲರಮ್ಮ ತಲೆ ತಗ್ಗಿಸಿ ಹೇಳಿದರು:

"ವಾಸನೆ ಒಂಬತ್ತಕ್ಕೇ ಬಂದಿತ್ತು. ನೀರಿನ ವಿಷಯ ಅಲ್ವಲ್ಲ, ಬೈತೀರಿ ಅಂತ ಹತ್ತೂವರೆ ತನಕ ಹಾಕಲಿಲ್ಲ. ತಪ್ಪಾಯ್ತಣ್ಣ."